ಗೋಡೆಯ ಮೇಲಿನ ಮೊಳೆ

ನಾನು ಚಿಕ್ಕವನಾಗಿದ್ದಾಗ ನಮ್ಮ ನಡುಮನೆಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ಪ್ರತಿ ಭಾನುವಾರ ಬೆಳಗ್ಗೆ ತಾತ ಸ್ನಾನ ಮುಗಿಸಿ ಬಂದು, ಸ್ಟೂಲಿನ ಮೇಲೆ ನಿಂತು ಅದಕ್ಕೆ ಕೀಲಿ ಕೊಡುತ್ತಿದ್ದರು. ‘ಕೊಡದಿದ್ದರೆ ಏನಾಗುತ್ತದೆ, ತಾತ?’ ಎಂದು ಒಮ್ಮೆ ಕೇಳಿದೆ. ‘ನಿಂತುಹೋಗುತ್ತದೆ, ಮಗು’ ಎಂದರು. ‘ಯಾಕೆ?’ ಎಂದದ್ದಕ್ಕೆ ಉತ್ತರ ಬರಲಿಲ್ಲ. ಆ ‘ಯಾಕೆ’ಯ ಬೆನ್ನು ಹತ್ತಿ ಹೋದರೆ ನಾವು ತಲುಪುವುದು ಇಟಲಿಯ ಒಬ್ಬ ಮುದುಕನ ಮನೆಗೆ.

ಪೀಸಾ ನಗರದ ಚರ್ಚಿನಲ್ಲಿ ತೂಗಾಡುವ ದೀಪವನ್ನು ಕಂಡು, ತನ್ನ ನಾಡಿಯ ಬಡಿತದಿಂದಲೇ ಅದರ ಕಾಲವನ್ನು ಅಳೆದ ತರುಣ ಗೆಲಿಲಿಯೊನ ಕಥೆಯನ್ನು ಶಾಲೆಯಲ್ಲಿ ನಾವೆಲ್ಲ ಕೇಳಿದ್ದೇವೆ. ಕಥೆ ಸೊಗಸಾಗಿದೆ. ಆದರೆ ಅದನ್ನು ಬರೆದಿಟ್ಟವನು ಶಿಷ್ಯ ವಿವಿಯಾನಿ, ಅದೂ ಗುರು ತೀರಿಕೊಂಡ ಮೇಲೆ. ಘಟನೆ ನಡೆದದ್ದು 1583ರ ಸುಮಾರಿಗೆ ಎನ್ನುತ್ತಾರೆ. ಗೆಲಿಲಿಯೊನ ದೀಪವೆಂದು ಹೆಸರಾದ ಕಂಚಿನ ದೀಪವನ್ನು ಅಲ್ಲಿ ತೂಗುಹಾಕಿದ್ದು 1587ರಲ್ಲಿ! ದೀಪದ ಮಾತು ಹಾಗಿರಲಿ. ನನ್ನ ಮನಸ್ಸನ್ನು ಸೆಳೆದದ್ದು ಒಂದು ಮೊಳೆ.

1633ರಲ್ಲಿ ಧರ್ಮ ನ್ಯಾಯಾಲಯ ಗೆಲಿಲಿಯೊನಿಗೆ ಶಿಕ್ಷೆ ವಿಧಿಸಿತು. ಫ್ಲಾರೆನ್ಸಿನ ಹತ್ತಿರದ ಆರ್ಚೇತ್ರಿಯಲ್ಲಿ ಅವನು ಗೃಹಬಂಧನದಲ್ಲಿದ್ದ. 1634ರಲ್ಲಿ ಅಕ್ಕರೆಯ ಹಿರಿಯ ಮಗಳು ತೀರಿಕೊಂಡಳು. ಕಣ್ಣುಗಳೂ ಕೈಬಿಡುತ್ತ ಬಂದವು. ಆದರೂ ಚಲನೆಯ ವಿಷಯವಾಗಿ ಒಂದು ದೊಡ್ಡ ಗ್ರಂಥ ಮುಗಿಸಿದ. ಅದು 1638ರಲ್ಲಿ ದೂರದ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಆ ಹೊತ್ತಿಗೆ ಅದನ್ನು ಓದಲು ಅವನಿಗೆ ದೃಷ್ಟಿಯಿರಲಿಲ್ಲ.

ಆ ಗ್ರಂಥದಲ್ಲಿರುವ ಪ್ರಯೋಗವನ್ನು ವಾಚಕರು ಮನೆಯಲ್ಲೇ ಮಾಡಿ ನೋಡಬಹುದು. ಗೋಡೆಗೆ ಮೊಳೆ ಹೊಡೆದು, ದಾರದಲ್ಲಿ ಸೀಸದ ಗುಂಡನ್ನು ಇಳಿಬಿಡಿ. ಅಡ್ಡಲಾಗಿ ಒಂದು ಗೆರೆ ಎಳೆದು, ಗುಂಡನ್ನು ಆ ಗೆರೆಯವರೆಗೆ ಎತ್ತಿ ಬಿಡಿ. ಅದು ಆಚೆ ಬದಿಯಲ್ಲಿ ಹೆಚ್ಚುಕಡಿಮೆ ಅದೇ ಗೆರೆಯನ್ನು ಮುಟ್ಟುತ್ತದೆ. ಈಗ ಮೊದಲಿನ ಮೊಳೆಯ ನೇರ ಕೆಳಗೆ, ದಾರಕ್ಕೆ ಅಡ್ಡವಾಗುವಂತೆ ಇನ್ನೊಂದು ಮೊಳೆ ಹೊಡೆಯಿರಿ. ಅರ್ಧದಾರಿಯಲ್ಲಿ ದಾರ ಅದಕ್ಕೆ ತಾಗಿ ಗಿಡ್ಡವಾಗುತ್ತದೆ, ಗುಂಡಿನ ಹಾದಿಯೇ ಬದಲಾಗುತ್ತದೆ. ಆದರೂ ಅದು ಏರುವುದು ಅದೇ ಗೆರೆಗೇ! ಗುಂಡು ತಾನು ಹೊರಟ ಎತ್ತರವನ್ನು ಮರೆಯುವುದಿಲ್ಲ.

ಹಾಗೆಂದು ಗೆಲಿಲಿಯೊ ಹೇಳಿದ್ದೆಲ್ಲ ಸರಿಯಲ್ಲ. ತೂಗು ಎಷ್ಟೇ ಅಗಲವಾದರೂ ಹಿಡಿಯುವ ಕಾಲ ಒಂದೇ ಎಂದು ಅವನು ನಂಬಿದ್ದ. ಸಣ್ಣ ತೂಗಿಗೆ ಅದು ಬಹುಮಟ್ಟಿಗೆ ನಿಜ. ಆದರೆ ಗುಂಡನ್ನು 90 ಡಿಗ್ರಿಯವರೆಗೆ ಎತ್ತಿ ಬಿಟ್ಟರೆ ಕಾಲ ನೂರಕ್ಕೆ ಸುಮಾರು 18ರಷ್ಟು ಹೆಚ್ಚುತ್ತದೆ.

1641ರಲ್ಲಿ, ಕುರುಡನಾದ ಮೇಲೆ, ಲೋಲಕದಿಂದ ಗಡಿಯಾರವನ್ನು ನಡೆಸುವ ಉಪಾಯ ಅವನಿಗೆ ಹೊಳೆಯಿತು. ತಂದೆ ಹೇಳಿದ, ಮಗ ಚಿತ್ರ ಬರೆದ. 1642ರ ಜನವರಿಯಲ್ಲಿ ತಂದೆ ಹೋದ. ಯಂತ್ರ ಪೂರ್ತಿಯಾಗುವ ಮೊದಲೇ, 1649ರಲ್ಲಿ, ಮಗನೂ ಹೋದ. ಗಡಿಯಾರವನ್ನು ನಿಜವಾಗಿ ನಡೆಸಿದವನು ಹಾಲೆಂಡಿನ ಹೈಗೆನ್ಸ್, 1656ರಲ್ಲಿ. ತಮ್ಮ ಭಾರದಿಂದಲೇ ಚಲಿಸುವ ವಸ್ತುಗಳ ಗುರುತ್ವಕೇಂದ್ರ ತಾನು ಇಳಿದ ಎತ್ತರಕ್ಕಿಂತ ಮೇಲೇರಲಾರದು ಎಂಬುದನ್ನು 1673ರ ತನ್ನ ಗ್ರಂಥದಲ್ಲಿ ತತ್ತ್ವವಾಗಿಯೇ ಹಿಡಿದವನೂ ಅವನೇ. ಮೊಳೆಯ ಪ್ರಯೋಗ ಹೀಗೆ ನಿಯಮವಾಯಿತು.

‘ಶಕ್ತಿ’ ಎಂದು ಇಂದು ನಾವು ಕರೆಯುವ ಕಲ್ಪನೆ ಸ್ಪಷ್ಟವಾಗಲು 1840ರ ದಶಕ ಬರಬೇಕಾಯಿತು. ತುದಿಯಲ್ಲಿ ಗುಂಡು ಕ್ಷಣಕಾಲ ನಿಂತಾಗ ಇರುವುದೆಲ್ಲ ಎತ್ತರದಿಂದ ಬಂದ ಪ್ರಚ್ಛನ್ನ ಶಕ್ತಿ. ತಳದಲ್ಲಿ ಅದೇ ಚಲನ ಶಕ್ತಿ. ಅರ್ಧ ಎತ್ತರದಲ್ಲಿ ಎರಡೂ ಸಮಪಾಲು. ಮೊತ್ತ ಮಾತ್ರ ಒಂದೇ.

ಹಾಗಿದ್ದರೆ ಲೋಲಕ ನಿಲ್ಲುವುದೇಕೆ? ಗುಂಡು ಗೆರೆಗೆ ಕೂದಲೆಳೆಯಷ್ಟು ಕಡಿಮೆ ಏರುವುದನ್ನು ಗೆಲಿಲಿಯೊನೇ ಗಮನಿಸಿ, ಅದು ಗಾಳಿಯ ಮತ್ತು ದಾರದ ತಡೆಯಿಂದ ಎಂದಿದ್ದ. ಪ್ರತಿ ತೂಗಿನಲ್ಲೂ ಒಂದಿಷ್ಟು ಶಕ್ತಿ ಉಷ್ಣವಾಗಿ ಗಾಳಿಗೆ ಸೇರುತ್ತದೆ, ನಾಶವಾಗುವುದಿಲ್ಲ. ಗಡಿಯಾರದ ಸುರುಳಿ ಅಷ್ಟನ್ನು ಹಲ್ಲಿನ ಚಕ್ರದ ಮೂಲಕ ಲೋಲಕಕ್ಕೆ ತುಂಬಿಕೊಡುತ್ತದೆ.

ಸುರುಳಿಗೆ ಅದನ್ನು ತುಂಬುತ್ತಿದ್ದವರು ತಾತ. ವಾರವಿಡೀ ನಡುಮನೆಯಲ್ಲಿ ಕೇಳುತ್ತಿದ್ದ ಟಿಕ್ ಟಿಕ್ ಅವರು ಭಾನುವಾರ ಉಂಡ ಅನ್ನದ್ದೇ ಎಂದು ತಿಳಿದಾಗ, ಹೇಳೋಣವೆಂದರೆ ಅವರಿರಲಿಲ್ಲ.