ಡ್ರಾಫ್ಟ್ ಮುಗಿದ ಮೇಲೆ ಕೈಕಟ್ಟಿ ಕೂರುವ ಆಟ

ಡ್ರೀಮ್ ಇಲೆವೆನ್‌ನಲ್ಲಿ ತಂಡ ಕಟ್ಟಿ ನೋಡಿದ ಹುಡುಗರು ನಮ್ಮ ಊರುಗಳಲ್ಲಿ ಎಷ್ಟಿದ್ದಾರೋ ಲೆಕ್ಕವಿಲ್ಲ. ಆದರೆ ಆ ಆಟದ ಬೇರು ಹುಡುಕುತ್ತಾ ಹೋದರೆ ಕ್ರಿಕೆಟ್ ಸಿಗುವುದಿಲ್ಲ, ಅಮೆರಿಕದ ಬೇಸ್‌ಬಾಲ್ ಸಿಗುತ್ತದೆ. ಈ ಸಲ ಆ ಕಥೆ ಹೇಳುತ್ತೇವೆ.

1960ರಲ್ಲಿ ಹಾರ್ವರ್ಡ್‌ನಲ್ಲಿದ್ದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ ತಮ್ಮ ಸ್ನೇಹಿತರ ಜೊತೆ ಒಂದು ಆಟ ಶುರು ಮಾಡಿದರು. ತಲಾ 10 ಡಾಲರ್ ಹಾಕಿ ನಿಜವಾದ ಆಟಗಾರರನ್ನು ಕಾಗದದ ಮೇಲೆ ಹರಾಜಿನಲ್ಲಿ ಕೊಳ್ಳುವುದು, ಸೀಸನ್ ಮುಗಿದಾಗ ಯಾರ ಆಟಗಾರರ ಅಂಕಿಅಂಶ ಚೆನ್ನಾಗಿದೆಯೋ ಅವರು ಗೆದ್ದಂತೆ. ಜೂಜು ಎಂದು ಯಾರಾದರೂ ಆಕ್ಷೇಪ ಎತ್ತಬಾರದಲ್ಲ, ಅದಕ್ಕೆ ಅವರಿಟ್ಟ ಹೆಸರು 'ಬೇಸ್‌ಬಾಲ್ ಸೆಮಿನಾರ್'! ಆಮೇಲೆ ಗ್ಯಾಮ್ಸನ್ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು, ಆಟವೂ ಜೊತೆಗೇ ಹೋಯಿತು. ಅಲ್ಲಿ ಅದನ್ನು ಆಡುತ್ತಿದ್ದ ರಾಬರ್ಟ್ ಸ್ಕ್ಲಾರ್ ಎಂಬ ಪ್ರಾಧ್ಯಾಪಕರಿಂದ ವಿಷಯ ತಿಳಿದುಕೊಂಡ ವಿದ್ಯಾರ್ಥಿಯೇ ಡೇನಿಯಲ್ ಓಕ್ರೆಂಟ್.

ಓಕ್ರೆಂಟ್ ನಮ್ಮ ಕಸುಬಿನವರು, ಪತ್ರಕರ್ತ. 1979ರ ಕೊನೆಯಲ್ಲಿ ವಿಮಾನದಲ್ಲಿ ಟೆಕ್ಸಸ್‌ಗೆ ಹೋಗುವಾಗ ಹೊಸ ನಿಯಮಗಳನ್ನು ಬರೆದರು. ಅಲ್ಲಿನ ಗೆಳೆಯರಿಗೆ ಅದು ರುಚಿಸಲಿಲ್ಲ. ನ್ಯೂಯಾರ್ಕ್‌ನ ಬರಹಗಾರ ಗೆಳೆಯರು ಒಪ್ಪಿದರು. ಅವರು ಕೂತು ಮಾತಾಡಿದ ಹೋಟೆಲ್ 'ಲಾ ರೋಟಿಸರಿ ಫ್ರಾಂಸೇಸ್'. ಹಾಗಾಗಿ ಆಟಕ್ಕೆ ರೋಟಿಸರಿ ಲೀಗ್ ಎಂದೇ ಹೆಸರಾಯಿತು. ರೋಟಿಸರಿ ಎಂದರೆ ಕಂಬಿಗೆ ಚುಚ್ಚಿ ಮಾಂಸ ಸುಡುವ ಅಂಗಡಿ. ನಮ್ಮ ಕಡೆ ಹುಟ್ಟಿದ್ದರೆ ಮಿಲ್ಟ್ರಿ ಹೋಟೆಲ್ ಲೀಗ್ ಆಗುತ್ತಿತ್ತೇನೋ.

1980ರ ಏಪ್ರಿಲ್‌ನಲ್ಲಿ ಮೊದಲ ಹರಾಜು. ಒಂದು ತಂಡಕ್ಕೆ ಇಂತಿಷ್ಟೇ ಹಣ, ಅದರಲ್ಲೇ ಎಲ್ಲ ಆಟಗಾರರನ್ನು ಕೊಳ್ಳಬೇಕು.  ಆಗ ಕಂಪ್ಯೂಟರ್ ಇಲ್ಲ. ಪತ್ರಿಕೆಯಲ್ಲಿ ಬರುತ್ತಿದ್ದ ಸ್ಕೋರು ನೋಡಿ ಕೈಯಲ್ಲೇ ಲೆಕ್ಕ. ಮರುವರ್ಷ, 1981ರ ಜೂನ್‌ನಲ್ಲಿ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದರು. ಪಂದ್ಯವಿಲ್ಲದೆ ಕ್ರೀಡಾ ಪುಟ ತುಂಬಿಸುವುದು ಹೇಗೆ? ವರದಿಗಾರರು ತಾವು ಆಡುತ್ತಿದ್ದ ಈ ಆಟದ ಬಗ್ಗೆಯೇ ಬರೆದರು, ಅದು ದೇಶಕ್ಕೆಲ್ಲ ಹಬ್ಬಿತು. ಸುದ್ದಿಯಿಲ್ಲದ ದಿನ ಎಷ್ಟು ಕಷ್ಟ ಎಂದು ಗೊತ್ತಿರುವ ನಮಗೆ ಇದು ಬಹಳ ಇಷ್ಟವಾದ ಭಾಗ.

ಮುಂದಿನದು ಕೋರ್ಟು ಕಾನೂನಿನ ಮಾತು, ಬೇಗ ಹೇಳಿಬಿಡುತ್ತೇವೆ. 2006ರಲ್ಲಿ ಅಮೆರಿಕ ಆನ್‌ಲೈನ್ ಜೂಜಿನ ಹಣ ತಡೆಯುವ ಕಾಯ್ದೆ ತಂದಾಗ ಫ್ಯಾಂಟಸಿ ಆಟಗಳನ್ನು ಹೊರಗಿಟ್ಟಿತು. ಗೆಲುವಿನಲ್ಲಿ ಆಡುವವರ ಜ್ಞಾನ, ಕೌಶಲ ಕಾಣಬೇಕು ಎಂಬುದು ಷರತ್ತು. ಆಟಗಾರರ ಹೆಸರು, ಅಂಕಿಅಂಶ ಬಳಸಲು ಬೇಸ್‌ಬಾಲ್ ಸಂಸ್ಥೆಯ ಪರವಾನಗಿ ಬೇಕಿಲ್ಲ ಎಂದು 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಇನ್ನು 'ಬೆಸ್ಟ್ ಬಾಲ್'. ಹೆಸರು ಗಾಲ್ಫ್‌ನಿಂದ ಬಂದದ್ದು. ಹಳೆಯ ಆಟದಲ್ಲಿ ಆರು ತಿಂಗಳೂ ತಂಡ ನೋಡಿಕೊಳ್ಳಬೇಕಿತ್ತು: ಗಾಯಗೊಂಡವನನ್ನು ತೆಗಿ, ಬೇರೆಯವನನ್ನು ಹಾಕು, ಅದಲುಬದಲು ಮಾಡು. ಬೆಸ್ಟ್ ಬಾಲ್‌ನಲ್ಲಿ ಆರಿಸುವುದು ಒಂದೇ ಸಲ. ಆಮೇಲೆ ಕೈಕಟ್ಟಿ ಕೂರಬೇಕು. ಪ್ರತಿ ವಾರ ನಿಮ್ಮ ತಂಡದಲ್ಲಿ ಯಾರು ಹೆಚ್ಚು ಅಂಕ ತಂದರೋ ಅವರನ್ನೇ ಕಂಪ್ಯೂಟರ್ ಲೆಕ್ಕಕ್ಕೆ ಹಿಡಿಯುತ್ತದೆ. ಹರಾಜಿನ ಬದಲು ಸರದಿ ಇರುತ್ತದೆ, ಹಾವಿನಂತೆ ಸುತ್ತಿ ಬರುವ ಸರದಿ. ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವನು ಎರಡನೇ ಸುತ್ತಿನಲ್ಲಿ ಮೊದಲಿಗ.

ಇದರಿಂದ ಜಾಣತನದ ಲೆಕ್ಕವೇ ತಿರುಗಿತು. ಓಕ್ರೆಂಟ್ ಕಾಲದ ಲೀಗಿನಲ್ಲಿ ಇಡೀ ವರ್ಷದ ಸರಾಸರಿ ಮುಖ್ಯ, ಹಾಗಾಗಿ ದಿನವೂ ಒಂದಿಷ್ಟು ಆಡುವ ಬ್ಯಾಟರ್‌ಗೆ ಬೆಲೆ. ಇಲ್ಲಿ ಒಂದು ವಾರ ಮೂರು ಹೋಮ್ ರನ್ ಬಾರಿಸಿ, ಮುಂದಿನ ವಾರ ಸೊನ್ನೆ ಸುತ್ತುವವನೇ ಲಾಭ. ಅವನ ಕೆಟ್ಟ ವಾರ ಬೇರೆಯವನ ಒಳ್ಳೆ ವಾರದಿಂದ ಮುಚ್ಚಿಹೋಗುತ್ತದೆ. ಪಿಚರ್, ಅಂದರೆ ಚೆಂಡೆಸೆಯುವವನು, ಐದಾರು ದಿನಕ್ಕೊಮ್ಮೆ ಪಂದ್ಯ ಶುರು ಮಾಡುತ್ತಾನೆ. ಕೆಲವು ವಾರ ಅವನಿಗೆ ಎರಡು ಪಂದ್ಯ ಸಿಗುತ್ತವೆ. ಯಾರಿಗೆ ಯಾವ ವಾರ ಎಂದು ನೀವು ನೋಡಬೇಕಿಲ್ಲ, ನಾಲ್ಕಾರು ಮಂದಿ ಹೆಚ್ಚಾಗಿ ಇಟ್ಟುಕೊಂಡರೆ ಸಾಕು. ಒಂದೇ ತಂಡದ ಬ್ಯಾಟರ್‌ಗಳನ್ನು ಸಾಲಾಗಿ ಹಿಡಿಯುವವರೂ ಇದ್ದಾರೆ. ಒಬ್ಬ ಹೊಡೆದರೆ ಇನ್ನೊಬ್ಬ ಓಡಿಬಂದು ರನ್ ಗಳಿಸುತ್ತಾನೆ, ಇಬ್ಬರ ಅಂಕವೂ ನಿಮ್ಮದೇ.

ಆದರೆ ಗಾಯ? 2023ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡದ ರೊನಾಲ್ಡ್ ಅಕುನಾ 41 ಹೋಮ್ ರನ್ ಹೊಡೆದು 73 ಬೇಸ್ ಕದ್ದರು. ಒಂದೇ ಸೀಸನ್‌ನಲ್ಲಿ 40 ಮತ್ತು 70 ಎರಡನ್ನೂ ದಾಟಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಅದೇ ತಂಡದ ಪಿಚರ್ ಸ್ಪೆನ್ಸರ್ ಸ್ಟ್ರೈಡರ್ ಆ ವರ್ಷ 281 ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದರು. 2024ರ ಡ್ರಾಫ್ಟ್‌ಗಳಲ್ಲಿ ಬ್ಯಾಟರ್‌ಗಳಲ್ಲಿ ಅಕುನಾ, ಪಿಚರ್‌ಗಳಲ್ಲಿ ಸ್ಟ್ರೈಡರ್ ಎಲ್ಲರಿಗಿಂತ ಮುಂದೆ. ಸ್ಟ್ರೈಡರ್ ಎರಡೇ ಪಂದ್ಯ ಎಸೆದರು, ಮೊಣಕೈ ಕೆಟ್ಟು ಏಪ್ರಿಲ್‌ನಲ್ಲೇ ಶಸ್ತ್ರಚಿಕಿತ್ಸೆ. ಮೇ 26ರಂದು ಅಕುನಾ ಎಡ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. 162 ಪಂದ್ಯದ ಸೀಸನ್‌ನಲ್ಲಿ ಅವರು ಆಡಿದ್ದು 49. ಹಳೆಯ ಬಗೆಯ ಲೀಗ್ ಆಗಿದ್ದರೆ ಬೇರೊಬ್ಬರನ್ನು ತರಬಹುದಿತ್ತು. ಬೆಸ್ಟ್ ಬಾಲ್‌ನವರು ಸೆಪ್ಟೆಂಬರ್‌ವರೆಗೆ ಆ ಖಾಲಿ ಜಾಗ ನೋಡುತ್ತಾ ಕೂತರು.

ಅಕುನಾರನ್ನು ಮೊದಲು ಆರಿಸಿದವನಿಗೆ ಆಟ ಗೊತ್ತಿರಲಿಲ್ಲ ಎನ್ನಲಾದೀತೇ? ಕೌಶಲವೋ ಅದೃಷ್ಟವೋ ಎಂಬ ಇದೇ ಜಗಳ ನಮ್ಮಲ್ಲೂ ನಡೆಯಿತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರದ ತಿದ್ದುಪಡಿ ಜಾರಿಯಾದಾಗ ಡ್ರೀಮ್ ಇಲೆವೆನ್ ಕರ್ನಾಟಕದಲ್ಲಿ ಬಾಗಿಲು ಹಾಕಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾಯ್ದೆ ಆ ಪ್ರಶ್ನೆಯನ್ನೇ ಕೇಳುವುದಿಲ್ಲ: ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಿಷಿದ್ಧ. ಅದನ್ನು ಪ್ರಶ್ನಿಸಿ ಬೆಂಗಳೂರಿನ ಹೈಕೋರ್ಟ್‌ಗೂ ಅರ್ಜಿ ಬಂತು, ನಂತರ ಅದು ಸುಪ್ರೀಂ ಕೋರ್ಟ್‌ಗೆ ವರ್ಗವಾಯಿತು.