ಕೋಣೆಯಿಲ್ಲದ ಅನುರಣನ: ಡಿಜಿಟಲ್ ರಿವರ್ಬ್ ಯಂತ್ರಗಳ ಮೊದಲ ಘಟ್ಟ

ಗೋಡೆಗೆ ತಾಗಿ ಮರಳುವ ಧ್ವನಿಯು ಬಿಡಿಯಾಗಿ ಕೇಳಿಸಿದರೆ ಅದು ಪ್ರತಿಧ್ವನಿ. ಅಸಂಖ್ಯ ಮರುದನಿಗಳು ಒಂದರೊಳಗೊಂದು ಬೆರೆತು ಕ್ರಮೇಣ ಕ್ಷೀಣಿಸಿದರೆ ಅನುರಣನ. ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ‘ರಿವರ್ಬ್’ ಎಂದು ರೂಢಿಯಲ್ಲಿರುವುದು ಇದೇ. ಧ್ವನಿಯನ್ನು ಹೀರಿಕೊಳ್ಳುವ ಗೋಡೆಗಳ ನಡುವೆ ಮುದ್ರಿತವಾದ ಹಾಡಿಗೆ ಸಭಾಂಗಣದ ವಿಸ್ತಾರವನ್ನು ನೀಡಲು ಮೊದಲು ಬರಿದಾದ ಕೋಣೆಗಳನ್ನೇ ಬಳಸಲಾಗುತ್ತಿತ್ತು. 1957ರಲ್ಲಿ ಜರ್ಮನಿಯ ಇಎಂಟಿ ಸಂಸ್ಥೆಯು ಹೊರತಂದ ‘ಇಎಂಟಿ 140’ ಕೋಣೆಯ ಸ್ಥಾನದಲ್ಲಿ ಕಂಪಿಸುವ ಉಕ್ಕಿನ ತಗಡನ್ನು ತಂದಿತು. ಆದರೆ ಆ ಯಂತ್ರದ ತೂಕ ಕಾಲು ಟನ್ನಿಗೂ ಮಿಗಿಲಾಗಿತ್ತು.

ಕೋಣೆ, ತಗಡುಗಳೆರಡನ್ನೂ ಬಿಟ್ಟು ಗಣಿತದಿಂದಲೇ ಅನುರಣನವನ್ನು ಕಟ್ಟಬಹುದೆಂದು ತೋರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್. ಧ್ವನಿಯನ್ನು ಕ್ಷಣಕಾಲ ತಡೆದು, ಅದರ ಒಂದಂಶವನ್ನು ಮತ್ತೆ ಮತ್ತೆ ಒಳಕ್ಕೆ ಹಾಯಿಸುವ ವಿಧಾನವನ್ನು ಅವರು 1961 ಮತ್ತು 1962ರ ಬರಹಗಳಲ್ಲಿ ವಿವರಿಸಿದರು. ಸೆಕೆಂಡಿಗೆ ಸುಮಾರು 1000 ಮರುದನಿಗಳಿದ್ದರೆ ಮಾತ್ರ ಕಿವಿಯು ಅವನ್ನು ಅಖಂಡವಾಗಿ ಗ್ರಹಿಸುತ್ತದೆ ಎಂಬುದು ಅವರ ಅಂದಾಜು. ಹಾಡಿನ ವೇಗಕ್ಕೆ ಸರಿಸಮನಾಗಿ ಈ ಲೆಕ್ಕವನ್ನು ಮಾಡಬಲ್ಲ ಸ್ಟುಡಿಯೋ ಸಾಧನ ಅಂದು ಇರಲಿಲ್ಲ.

ಆ ಕೊರತೆ ನೀಗಿದ್ದು 1976ರಲ್ಲಿ. ಬ್ಯಾರಿ ಬ್ಲೆಸ್ಸರ್ ಅವರ ನೆರವಿನಿಂದ ಅದೇ ಇಎಂಟಿ ಸಂಸ್ಥೆಯು ‘ಇಎಂಟಿ 250’ ಎಂಬ ಡಿಜಿಟಲ್ ಯಂತ್ರವನ್ನು ರೂಪಿಸಿತು. 1978ರಲ್ಲಿ ಭೌತವಿಜ್ಞಾನಿ ಡೇವಿಡ್ ಗ್ರೀಸಿಂಗರ್ ಅವರ ವಿನ್ಯಾಸವನ್ನು ಆಧರಿಸಿ ಅಮೆರಿಕದ ಲೆಕ್ಸಿಕಾನ್ ಸಂಸ್ಥೆಯ ‘224’ ಬಂದಿತು. ಅಂದು ಸ್ಮೃತಿಕೋಶಗಳು ದುಬಾರಿ. ಆದುದರಿಂದ ಯಂತ್ರದೊಳಗಿನ ವಿಳಂಬಗಳು ಕೆಲವೇ. ಅದೇ ಹಾದಿಗಳಲ್ಲಿ ಸುತ್ತುವ ಧ್ವನಿಗೆ ಲೋಹದ ಝೇಂಕಾರ ಅಂಟಿಕೊಳ್ಳುವ ಅಪಾಯವಿತ್ತು. ವಿಳಂಬಗಳ ಅವಧಿಯನ್ನು ಸೂಕ್ಷ್ಮವಾಗಿ ಏರಿಳಿಸುವುದರ ಮೂಲಕ ಗ್ರೀಸಿಂಗರ್ ಇದನ್ನು ಮರೆಮಾಚಿದರು. ಪರಿಣಾಮವಾಗಿ ಯಾವ ನೈಜ ಸಭಾಂಗಣದಲ್ಲಿಯೂ ಕೇಳಸಿಗದ, ಮೆಲ್ಲನೆ ಅಲೆಯುವ ಅನುರಣನವೊಂದು ಹುಟ್ಟಿತು. ವ್ಯಾಂಜೆಲಿಸ್ ಅವರು ‘ಬ್ಲೇಡ್ ರನ್ನರ್’ (1982) ಚಿತ್ರದ ಸಂಗೀತಕ್ಕೆ ಬಳಸಿದ್ದು ಈ 224 ಯಂತ್ರವನ್ನೇ.

1986ರ ಲೆಕ್ಸಿಕಾನ್ 480ಎಲ್ ಈ ಪರಂಪರೆಯನ್ನು ಮುಂದುವರಿಸಿತು. ಅನಂತರ ಸಾಮಾನ್ಯ ಗಣಕಯಂತ್ರಗಳೇ ಇವೆಲ್ಲಕ್ಕಿಂತ ಅಧಿಕ ಸಾಮರ್ಥ್ಯವನ್ನು ಪಡೆದವು. ಆದರೂ ಇಂದಿನ ತಂತ್ರಾಂಶಗಳು ನೈಜ ಸಭಾಂಗಣಗಳ ಜೊತೆಗೆ ಈ ಹಳೆಯ ಯಂತ್ರಗಳನ್ನೂ ಅನುಕರಿಸುತ್ತಿರುವುದು ಗಮನಾರ್ಹ. ಕೋಣೆಯನ್ನು ಅನುಕರಿಸಹೊರಟ ಯಂತ್ರವು ಕಾಲಕ್ರಮದಲ್ಲಿ ತಾನೇ ಅನುಕರಣಯೋಗ್ಯ ಮಾದರಿಯಾಯಿತು. ಮಿತಿಯನ್ನು ಮರೆಸಲು ಹೂಡಿದ ಉಪಾಯವೇ ಒಂದು ಯುಗದ ನಾದಗುಣವಾಗಿ ಉಳಿಯಿತೆಂಬುದು ಈ ಚರಿತ್ರೆಯ ಸಾರ.