ಪಾಸ್‌ಪೋರ್ಟ್ ಯಾಕೆ ತಡ? ಲೋಕಾಪುರದಿಂದ ಕೊಲಂಬೊವರೆಗೆ ನೂರು ವರ್ಷದ ಕಾಯುವಿಕೆ

ಇವತ್ತು ಇತಿಹಾಸದ ಮಾತು, ಆದ್ರೆ ಶುರು ಮಾಡೋದು ನಿಮ್ಮ ಫೋನಿನಿಂದ. ಪಾಸ್‌ಪೋರ್ಟ್ ಆ್ಯಪ್ ತೆಗೀರಿ. ‘ಪೊಲೀಸ್ ವೆರಿಫಿಕೇಶನ್ ಬಾಕಿ’ ಅನ್ನೋ ಸಾಲು ಎಷ್ಟು ದಿನದಿಂದ ಅಲ್ಲೇ ಕೂತಿದೆ?

ಲೋಕಾಪುರದ ಒಬ್ಬ ಹುಡುಗ ಅಂತ ಇಟ್ಕೊಳ್ಳಿ. ಕೆಲಸ ಬೆಂಗಳೂರಲ್ಲಿ, ವಾಸ ಪಿಜಿಯಲ್ಲಿ, ಆಧಾರ್ ಮಾತ್ರ ಊರಿಂದು. ಗೆಳೆಯರ ಜೊತೆ ಬ್ಯಾಂಕಾಕ್‌ಗೆ ಹೋಗೋದು ಅಂತ ಟಿಕೆಟ್ ತೆಗೆದಾಯ್ತು. ಅರ್ಜಿಯಲ್ಲಿ ಊರಿನ ವಿಳಾಸ ಬರೆದ. ವಿಚಾರಣೆಗೆ ಪೊಲೀಸರು ಮನೆಗೆ ಬಂದ್ರು. ಅವ್ವ ಇದ್ದದ್ದು ಇದ್ದಂಗ ಹೇಳಿದ್ಳು: “ಅಂವ ಇಲ್ಲೆಲ್ಲಿ ಇರ್ತಾನ್ರೀ ಸಾಹೇಬ್ರ, ಬೆಂಗಳೂರಾಗ ಇರ್ತಾನ್ರೀ.” ಮುಗೀತು. ಕೊಟ್ಟ ವಿಳಾಸದಲ್ಲಿ ವಾಸವಿಲ್ಲ ಅಂತ ವರದಿ ಹೋಯ್ತು, ಫೈಲು ನಿಂತಿತು. ಬಾಗಲಕೋಟೆ–ಕುಡಚಿ ರೈಲಿನ ದಾರಿ ಕಾದು ಕಾದು ಈ ಭಾಗದ ಜನಕ್ಕೆ ಕಾಯೋದು ಹೊಸದೇನಲ್ಲ. ಆದ್ರೆ ಬರದ ರೈಲಿಗೆ ಯಾರೂ ಟಿಕೆಟ್ ತೆಗೆದಿಟ್ಟಿರಲಿಲ್ಲ. ವಿಮಾನದ ವಿಷಯ ಹಂಗಲ್ಲ, ತಾರೀಕು ದಾಟಿದ್ರೆ ದುಡ್ಡೂ ಹೋಯ್ತು, ರಜೆಯೂ ಹೋಯ್ತು.

ಪ್ರವಾಸಕ್ಕೆ ಹೊರಟವನ ಮನೆ ಬಾಗಿಲಿಗೆ ಪೊಲೀಸರು ಯಾಕೆ ಬರಬೇಕು? ಈ ಪ್ರಶ್ನೆಗೆ ಉತ್ತರ ಬೇಕಂದ್ರೆ ನೂರು ವರ್ಷಕ್ಕಿಂತ ಹಿಂದೆ ಹೋಗಬೇಕು.

1913. ಆಗಿನ ಬಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ ಹುಟ್ಟಿದ ನಾರಾಯಣ ಸುಬ್ಬರಾವ್ ಹರ್ಡೀಕರ್ ಅನ್ನೋ ಯುವಕ ಓದೋಕೆ ಅಮೆರಿಕಕ್ಕೆ ಹೊರಟ. ಮುಂದೆ ಹುಬ್ಬಳ್ಳಿಯಲ್ಲಿ ನೆಲೆಸಿ ಸೇವಾದಳ ಕಟ್ಟಿದರಲ್ಲ, ಅವರೇ. ಅವರು ಹೊರಟ ಕಾಲಕ್ಕೆ ಭಾರತ ಬಿಟ್ಟು ಹೋಗೋಕೆ ಪಾಸ್‌ಪೋರ್ಟ್ ಕಡ್ಡಾಯ ಇರಲಿಲ್ಲ. ಹಡಗಿನ ಚಾರ್ಜು ಹೊಂದಿಸೋದೇ ದೊಡ್ಡ ಕೆಲಸ. ಕೂಲಿಗೆ ಅಂತ ಸಮುದ್ರ ದಾಟುವವರ ಮೇಲೆ ಬೇರೆ ಕಾನೂನುಗಳಿದ್ದವು ಅನ್ನೋದು ನಿಜ. ಆದ್ರೆ ಇವತ್ತಿನಂತೆ ಎಲ್ಲರ ಕೈಯಲ್ಲೂ ಒಂದು ಪುಸ್ತಕ ಇರಲೇಬೇಕು ಅನ್ನೋ ನಿಯಮ ಇರಲಿಲ್ಲ.

ಮರುವರ್ಷ ಮೊದಲನೇ ಮಹಾಯುದ್ಧ ಶುರುವಾಯ್ತು, ಎಲ್ಲಾ ಬದಲಾಯ್ತು. ಭಾರತ ರಕ್ಷಣಾ ಕಾಯ್ದೆಯ ಕೆಳಗೆ ಸರ್ಕಾರ ನಿಯಮ ಮಾಡಿತು: ದೇಶ ಬಿಡಬೇಕಂದ್ರೂ ಪಾಸ್‌ಪೋರ್ಟ್, ದೇಶಕ್ಕೆ ಬರಬೇಕಂದ್ರೂ ಪಾಸ್‌ಪೋರ್ಟ್. ಗೂಢಚಾರರು, ಕ್ರಾಂತಿಕಾರಿಗಳು, ಗದರ್ ಪಕ್ಷದವರು ಓಡಾಡಬಾರದು ಅನ್ನೋದು ಸರ್ಕಾರದ ಚಿಂತೆ. ಇದನ್ನ ನೆನಪಿಟ್ಕೊಳ್ಳಿ. ನಮ್ಮಲ್ಲಿ ಕಡ್ಡಾಯ ಪಾಸ್‌ಪೋರ್ಟ್ ಹುಟ್ಟಿದ್ದು ಪ್ರವಾಸಿಗರ ಅನುಕೂಲಕ್ಕಲ್ಲ, ಅನುಮಾನದಿಂದ.

ಅದರ ಬಿಸಿ ಮೊದಲು ತಟ್ಟಿದವರಲ್ಲಿ ಒಬ್ಬರು ಲಾಲಾ ಲಜಪತರಾಯ್. ಯುದ್ಧ ಶುರುವಾದಾಗ ಅವರು ಹೊರದೇಶದಲ್ಲಿದ್ದರು. ಊರಿಗೆ ಬರ್ತೀನಿ ಅಂದ್ರೆ ಬ್ರಿಟಿಷರು ಬಿಡಲಿಲ್ಲ. ನ್ಯೂಯಾರ್ಕ್‌ನಲ್ಲೇ ಕೂತು ಹೋಮ್ ರೂಲ್ ಕೆಲಸ ನಡೆಸಿದರು. ಆಗ ಅವರ ಬಲಗೈಯಾಗಿ ನಿಂತದ್ದು ನಮ್ಮ ತಿಡಗುಂದಿಯ ಹರ್ಡೀಕರ್! ಲಜಪತರಾಯ್ ಮುಂಬೈಗೆ ಬಂದಿಳಿದದ್ದು 1920ರ ಫೆಬ್ರವರಿಯಲ್ಲಿ. ವರ್ಷಗಟ್ಟಲೆ ಕಾದದ್ದು ಮನೆಗೆ ಬರೋಕೆ. ನಾವು ಮನೆ ಬಿಟ್ಟು ಹೋಗೋಕೆ ಕಾಯ್ತೀವಿ, ಅಷ್ಟೇ ವ್ಯತ್ಯಾಸ.

ಇನ್ನೊಂದು ಕಥೆ ನಮ್ಮ ಬೆಳಗಾವಿಯಿಂದ ಶುರುವಾಗುತ್ತೆ. 1916ರ ಏಪ್ರಿಲ್‌ನಲ್ಲಿ ಬೆಳಗಾವಿಯ ಸಮ್ಮೇಳನದಲ್ಲಿ ಬಾಲಗಂಗಾಧರ ತಿಲಕರು ಹೋಮ್ ರೂಲ್ ಲೀಗ್ ಕಟ್ಟಿದರು. ಎರಡು ವರ್ಷದ ನಂತರ, 1918ರಲ್ಲಿ, ಸ್ವರಾಜ್ಯದ ಬೇಡಿಕೆಯನ್ನ ನೇರವಾಗಿ ಇಂಗ್ಲೆಂಡಿನ ಜನರ ಮುಂದೆ ಇಡೋಣ ಅಂತ ತಿಲಕರು, ಎನ್. ಸಿ. ಕೇಳ್ಕರ್, ಬಿಪಿನ್ ಚಂದ್ರ ಪಾಲ್ ಮೊದಲಾದವರ ನಿಯೋಗ ಹೊರಟಿತು. ಕಳ್ಳದಾರಿ ಏನಲ್ಲ, ಕೈಯಲ್ಲಿ ಸರ್ಕಾರವೇ ಕೊಟ್ಟ ಪಾಸ್‌ಪೋರ್ಟ್. ಕೊಲಂಬೊ ಮುಟ್ಟಿದರು, ಹಡಗು ಹತ್ತೋದೊಂದೇ ಬಾಕಿ. ಅಷ್ಟರಲ್ಲಿ ಲಂಡನ್ನಿನಿಂದ ಆಜ್ಞೆ ಬಂತು: ಪಾಸ್‌ಪೋರ್ಟ್ ರದ್ದು. ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ. ಬಂದ ದಾರಿ ಹಿಡಿದು ವಾಪಸ್. ಅದೇ ವರ್ಷ ಕೊನೆಗೆ ತಿಲಕರು ಇಂಗ್ಲೆಂಡಿಗೆ ಹೋದರು, ವ್ಯಾಲೆಂಟೈನ್ ಚಿರೋಲ್ ವಿರುದ್ಧ ತಾವು ಹೂಡಿದ್ದ ಮಾನನಷ್ಟ ಮೊಕದ್ದಮೆಗೆ. ರಾಜಕೀಯ ಭಾಷಣ ಮಾಡಬಾರದು ಅನ್ನೋ ಷರತ್ತಿನ ಮೇಲೆ.

ಯುದ್ಧ ಮುಗೀತು. ಕಡ್ಡಾಯ ಮುಗಿಯಲಿಲ್ಲ. 1920ರಲ್ಲಿ ಭಾರತೀಯ ಪಾಸ್‌ಪೋರ್ಟ್ ಕಾಯ್ದೆ ಬಂತು. ಅದೇ ವರ್ಷ ಪ್ಯಾರಿಸ್‌ನಲ್ಲಿ ರಾಷ್ಟ್ರಸಂಘದ ಸಭೆ ಸೇರಿ ಎಲ್ಲ ದೇಶಕ್ಕೂ ಒಂದೇ ನಮೂನೆಯ 32 ಪುಟದ ಪುಸ್ತಕ ಇರಲಿ ಅಂತ ಸೂಚಿಸಿತು. ಇವತ್ತು ನಮ್ಮ ಕೈಯಲ್ಲಿರೋ ಪುಸ್ತಕದ ಮುತ್ತಜ್ಜ ಅದು.

ಇಲ್ಲಿ ನಮ್ಮ ಭಾಗಕ್ಕೇ ಸೇರಿದ ಒಂದು ತಮಾಷೆ ಇದೆ. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಮುಧೋಳ ಘೋರ್ಪಡೆಯವರ ಸಂಸ್ಥಾನ. ಜಮಖಂಡಿ ಪಟವರ್ಧನರದು. ಇವತ್ತು ಒಂದೇ ಉಸಿರಲ್ಲಿ ರಬಕವಿ–ಬನಹಟ್ಟಿ ಅಂತೀವಲ್ಲ, ಅದರಲ್ಲಿ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ, ರಬಕವಿ ಸಾಂಗಲಿ ಸಂಸ್ಥಾನಕ್ಕೆ! ಪಾಸ್‌ಪೋರ್ಟಿನಲ್ಲಿ ಈ ಗಡಿಗಳು ಮೂಡ್ತಿದ್ದವು. ಬ್ರಿಟಿಷ್ ಜಿಲ್ಲೆಯಲ್ಲಿ ಹುಟ್ಟಿದವರು ‘ಬ್ರಿಟಿಷ್ ಪ್ರಜೆ’, ಸಂಸ್ಥಾನದಲ್ಲಿ ಹುಟ್ಟಿದವರು ‘ಬ್ರಿಟಿಷ್ ರಕ್ಷಣೆಗೆ ಒಳಪಟ್ಟ ವ್ಯಕ್ತಿ’. ಒಂದೇ ಭಾಷೆ, ಒಂದೇ ರೊಟ್ಟಿ, ಬೀಗತನ ಕೂಡ ಇದ್ದಿರಬಹುದು, ಪುಸ್ತಕದಲ್ಲಿ ಮಾತ್ರ ಬೇರೆ ಬೇರೆ ಜಾತಿಯ ಜನ. 1948ರ ಮಾರ್ಚ್‌ನಲ್ಲಿ ಈ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದವು.

ಸ್ವಾತಂತ್ರ್ಯ ಬಂದ ಮೇಲೆ ಸರಿಹೋಯ್ತು ಅನ್ಕೊಂಡ್ರಾ? ಇಲ್ಲ. ಪಾಸ್‌ಪೋರ್ಟ್ ಅನ್ನೋದು ಸರ್ಕಾರ ಮನಸ್ಸು ಮಾಡಿ ಕೊಡುವ ಕೃಪೆ, ಕೇಳೋ ಹಕ್ಕು ನಿಮಗಿಲ್ಲ ಅನ್ನೋ ಧೋರಣೆ ಹಾಗೇ ಮುಂದುವರೀತು. 1950ರ ದಶಕದಲ್ಲಿ ಹೆಚ್ಚು ಓದಿರದ ಕೂಲಿ ಜನ ಬ್ರಿಟನ್ನಿಗೆ ಹೋಗದಂತೆ ನಮ್ಮದೇ ಸರ್ಕಾರ ಪಾಸ್‌ಪೋರ್ಟ್ ಬಿಗಿ ಹಿಡಿದಿತ್ತು. ಬ್ರಿಟಿಷರು ಹೋದರೂ ಅವರ ಕುರ್ಚಿಯಲ್ಲಿದ್ದ ಅನುಮಾನ ಹೋಗಿರಲಿಲ್ಲ.

ಇದನ್ನ ಪ್ರಶ್ನಿಸಿದವರ ಸಾಲಿನಲ್ಲಿ ನಮ್ಮ ಹೈಕೋರ್ಟ್ ಇದೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 1965ರಲ್ಲಿ, ಆಗಿನ್ನೂ ಮೈಸೂರು ಹೈಕೋರ್ಟ್ ಅನ್ನೋ ಹೆಸರು, ಡಾ. ಎಸ್. ಎಸ್. ಸದಾಶಿವರಾವ್ ಪ್ರಕರಣದಲ್ಲಿ ತೀರ್ಪು ಬಂತು: ವಿದೇಶಕ್ಕೆ ಹೋಗೋದು, ಮರಳಿ ಬರೋದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ. ಕೇರಳ, ಮುಂಬೈ ಹೈಕೋರ್ಟುಗಳೂ ಹಾಗೇ ಹೇಳಿದವು. ದೆಹಲಿಯಲ್ಲಿ ಮಾತ್ರ ಉಲ್ಟಾ ತೀರ್ಪು ಬಂತು.

ಕೊನೆಗೆ ಸುಪ್ರೀಂ ಕೋರ್ಟ್ ಬಗೆಹರಿಸಿತು. ಸತ್ವಂತ್ ಸಿಂಗ್ ಸಾಹ್ನಿ ಅನ್ನೋ ವ್ಯಾಪಾರಿಗೆ ಪಾಸ್‌ಪೋರ್ಟ್ ವಾಪಸ್ ಕೊಡು ಅಂತ ಸರ್ಕಾರ ಹೇಳಿತ್ತು. 1967ರ ಏಪ್ರಿಲ್ 10ರಂದು ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಸಾಹ್ನಿ ಪರ ನಿಂತರು. ಕಾನೂನೇ ಇಲ್ಲದೆ, ಅಧಿಕಾರಿಯ ಮರ್ಜಿಯ ಮೇಲೆ ಪ್ರಯಾಣ ತಡೆಯೋ ಹಾಗಿಲ್ಲ ಅಂದರು. ಬರೆದವರು ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್. ತೀರ್ಪಿನ ಬೆನ್ನಲ್ಲೇ ಅವರು ಹುದ್ದೆ ಬಿಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತರು, ಅದು ಬೇರೆಯೇ ಸಂಚಿಕೆಯ ಕಥೆ. ಗಡಿಬಿಡಿಯಲ್ಲಿ ಸರ್ಕಾರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ತಂದಿತು. ಇವತ್ತಿಗೂ ನಡೀತಿರೋದು ಅದೇ ಕಾಯ್ದೆ. ಹತ್ತು ವರ್ಷದ ಮೇಲೆ ಮೇನಕಾ ಗಾಂಧಿ ಅವರ ಪಾಸ್‌ಪೋರ್ಟ್ ಮುಟ್ಟುಗೋಲು ಹಾಕಿ, ಕಾರಣ ಹೇಳಲ್ಲ ಅಂತ ಸರ್ಕಾರ ಕೂತಾಗ, 1978ರ ಜನವರಿ 25ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು: ಕಾನೂನು ಇದ್ದರೆ ಸಾಲದು, ವಿಧಾನವೂ ನ್ಯಾಯವಾಗಿರಬೇಕು.

ಈಗ ಆ ಲೋಕಾಪುರದ ಹುಡುಗನ ಹತ್ರ ವಾಪಸ್ ಬರೋಣ. ತಿಲಕರಿಗೆ ಸಿಗದ ಒಂದು ವಸ್ತು ಇವನ ಹತ್ರ ಇದೆ. 1967ರ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ನಿರಾಕರಿಸಿದರೆ ಅಧಿಕಾರಿ ಕಾರಣವನ್ನ ಬರೆದಿಡಬೇಕು, ಕೇಳಿದರೆ ಪ್ರತಿ ಕೊಡಬೇಕು, ಅದರ ಮೇಲೆ ಮೇಲ್ಮನವಿಗೂ ದಾರಿ ಇದೆ. ಕೆಲವೊಂದು ವಿಶೇಷ ಸಂದರ್ಭ ಬಿಟ್ಟರೆ ಇದು ಎಲ್ಲರಿಗೂ ಅನ್ವಯ. ಆದ್ರೆ ನೋಡಿ, ಇವನಿಗೆ ಯಾರೂ ‘ಇಲ್ಲ’ ಅಂದಿಲ್ಲ. ‘ಬಾಕಿ’ ಅಂದಿದ್ದಾರೆ. ‘ಇಲ್ಲ’ ಅನ್ನೋದಕ್ಕೆ ಕಾರಣ ಬರೀಬೇಕು. ‘ಬಾಕಿ’ ಅನ್ನೋದಕ್ಕೆ ಏನೂ ಬರೀಬೇಕಿಲ್ಲ.

ಕಚೇರಿಯ ಭಾಗ ಮಾತ್ರ ನಿಜವಾಗಿ ಸುಧಾರಿಸಿದೆ, ಅದನ್ನ ಒಪ್ಪಬೇಕು. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಪ್ರಯೋಗ ಶುರುವಾದಾಗ ಮೊದಲ ಸಾಲಿನಲ್ಲೇ ಬೆಂಗಳೂರು, ಮಂಗಳೂರಿನ ಜೊತೆ ನಮ್ಮ ಹುಬ್ಬಳ್ಳಿ ಇತ್ತು. 2017ರ ಜನವರಿ 25ರಂದು ಮೈಸೂರಿನ ಅಂಚೆ ಕಚೇರಿಯಲ್ಲಿ, ಗುಜರಾತಿನ ದಾಹೋದ್ ಜೊತೆಗೆ, ಅಂಚೆ ಪಾಸ್‌ಪೋರ್ಟ್ ಕೇಂದ್ರ ಶುರುವಾಯ್ತು. ಆಮೇಲೆ ಬೆಳಗಾವಿಗೂ ಬಂತು. 1989ರ ಜನವರಿ 26 ಮತ್ತು ಆಮೇಲೆ ಹುಟ್ಟಿದವರು ಜನನ ಪ್ರಮಾಣಪತ್ರವನ್ನೇ ತರಬೇಕು ಅನ್ನೋ ಹಠ 2016ರ ಕೊನೆಯಲ್ಲಿ ಸಡಿಲವಾಯ್ತು. ಮನೆಯಲ್ಲೇ ಹೆರಿಗೆಯಾಗಿ ಪಂಚಾಯ್ತಿಯಲ್ಲಿ ಬರೆಸದೇ ಬಿಟ್ಟ ನಮ್ಮ ಕಡೆಯ ಎಷ್ಟೋ ಮಂದಿಗೆ ಶಾಲೆಯ ದಾಖಲೆ ಕೈಹಿಡೀತು. ಈಗಿನ ನಿಯಮದಲ್ಲಿ 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ ಮಾತ್ರ ಜನನ ಪ್ರಮಾಣಪತ್ರವೇ ಬೇಕು. ಅಂದ್ರೆ ನಿಮ್ಮ ಪುಟ್ಟ ಪಾಪುಗೆ ಬೇಕು, ನಿಮಗಲ್ಲ.

ಹಳೇ ಅನುಮಾನ ಉಳಿದುಕೊಂಡಿರೋದು ಬಾಗಿಲ ಹತ್ರ. ನೀನು ಯಾರು, ಎಲ್ಲಿರ್ತೀಯ, ನಿನ್ನ ಮೇಲೆ ಕೇಸು ಇದೆಯಾ? ಕೇಳೋ ರೀತಿ ಯುದ್ಧಕಾಲದ್ದು. ಕೆಲಸಕ್ಕಾಗಿ ಊರು ಬಿಟ್ಟ ನಮ್ಮಂಥವರ ಬದುಕು ಆ ನಮೂನೆಯಲ್ಲಿ ಕೂರಲ್ಲ. ಹಾಗಾಗಿ ಅರ್ಜಿಯಲ್ಲಿ ಈಗ ನೀವು ನಿಜವಾಗಿ ಇರೋ ವಿಳಾಸವನ್ನೇ ಬರೀರಿ, ಅದಕ್ಕೆ ದಾಖಲೆ ಹೊಂದಿಸಿ. ಮನೆಯವರಿಗೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ರೆ ಅದನ್ನ ಮೊದಲು ಸರಿ ಮಾಡಿಸಿ. ತುರ್ತಿದ್ರೆ ತತ್ಕಾಲ್ ಇದೆ: 36 ಪುಟದ ಪುಸ್ತಕಕ್ಕೆ ಮಾಮೂಲಿ 1500 ರೂಪಾಯಿ, ತತ್ಕಾಲ್‌ಗೆ ಮೇಲೆ 2000. ಅದರಲ್ಲಿ ಸಾಮಾನ್ಯವಾಗಿ ಪುಸ್ತಕ ಮೊದಲು, ಪೊಲೀಸ್ ವಿಚಾರಣೆ ಆಮೇಲೆ. ಹಳೇ ಪಾಸ್‌ಪೋರ್ಟ್ ಇದ್ದವರು ಅವಧಿ ನೋಡ್ಕೊಳ್ಳಿ, ಬಹಳ ದೇಶಗಳು ಕನಿಷ್ಠ ಆರು ತಿಂಗಳು ಬಾಕಿ ಇರಲಿ ಅಂತಾವೆ. ಟಿಕೆಟ್ ಆಮೇಲೆ.

ಫೈಲು ಈಗಾಗಲೇ ನಿಂತಿದ್ರೆ ಸುಮ್ಮನೆ ಆ್ಯಪ್ ತಿರುವ್ತಾ ಕೂರಬೇಡಿ. ಸ್ಟೇಷನ್ನಿನಿಂದ ಯಾವ ವರದಿ ಹೋಗಿದೆ ಅಂತ ಕೇಳಿ, ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಬರೀರಿ, ಸರಿಯಾದ ವಿಳಾಸಕ್ಕೆ ಮತ್ತೊಮ್ಮೆ ವಿಚಾರಣೆ ಮಾಡಿ ಅಂತ ಕೋರಿ, ಉತ್ತರ ಬರದಿದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕೊಲಂಬೊದಲ್ಲಿ ತಿಲಕರಿಗೆ ಹೀಗೆ ಕೇಳೋಕೆ ಒಂದು ಕಿಟಕಿಯೂ ಇರಲಿಲ್ಲ.